ಒಂದು ಮೀಟರ್ ತಾಮ್ರದ ತಂತಿಯಲ್ಲಿ ಎಷ್ಟು ಕಣಗಳು, ಯಾವುದರ ರಾಶಿ ಎಷ್ಟು: ಲೆಕ್ಕ ಹಾಕುವ ಬಗೆ

ಮನೆಯ ವೈರಿಂಗ್‌ಗೆ ಬಳಸುವ ಒಂದು ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಪ್ಲಾಸ್ಟಿಕ್ ಹೊದಿಕೆ ಸುಲಿದು ತೂಗಿದರೆ ಸುಮಾರು 8.96 ಗ್ರಾಂ ಬರುತ್ತದೆ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತ, ಸಾವಿರ ಮಿಲಿಮೀಟರ್ ಉದ್ದ, ಅಂದರೆ ಒಂದು ಘನ ಸೆಂಟಿಮೀಟರ್ ತಾಮ್ರ; ತಾಮ್ರದ ಸಾಂದ್ರತೆಯೂ ಅಷ್ಟೇ, ಪ್ರತಿ ಘನ ಸೆಂಟಿಮೀಟರಿಗೆ 8.96 ಗ್ರಾಂ. ಈ ತಂತಿಯೊಳಗೆ ಪ್ರೋಟಾನ್ ಎಷ್ಟು, ನ್ಯೂಟ್ರಾನ್ ಎಷ್ಟು, ಎಲೆಕ್ಟ್ರಾನ್ ಎಷ್ಟು, ಒಂದೊಂದು ಗುಂಪಿನ ಪಾಲು ಎಷ್ಟು ಗ್ರಾಂ ಎಂಬುದನ್ನು ಕಾಗದದ ಮೇಲೆ ಕಂಡುಹಿಡಿಯಬಹುದು. ಹೈಸ್ಕೂಲಿನ ಗುಣಾಕಾರ, ಭಾಗಾಕಾರ ಸಾಕು. ಲೆಕ್ಕದ ಕೊನೆಗೆ ಮೂರೂ ಗುಂಪನ್ನು ಕೂಡಿಸಿದಾಗ 8.96 ಬರುವುದಿಲ್ಲ, ಅದಕ್ಕಿಂತ ಹೆಚ್ಚು ಬರುತ್ತದೆ. ಆ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದು ಗೊತ್ತಾದರೆ ಪರಮಾಣುವಿನ ರಾಶಿ ಎಂದರೇನು ಎನ್ನುವುದೂ ಗೊತ್ತಾದಂತೆ.

ಬೇಕಾದ ಸಾಮಾನು

ಸೈಂಟಿಫಿಕ್ ಕ್ಯಾಲ್ಕುಲೇಟರ್, ಮತ್ತು ತಂತಿಯನ್ನು ನಿಜವಾಗಿ ತೂಗುವುದಾದರೆ 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ. ಅಡುಗೆಮನೆಯ ತಕ್ಕಡಿ ಇಲ್ಲಿ ನಡೆಯದು. ಅದು ಒಂದೊಂದು ಗ್ರಾಂ ಮಾತ್ರ ತೋರಿಸುತ್ತದೆ, ಒಂಬತ್ತು ಗ್ರಾಂನಲ್ಲಿ ಅರ್ಧ ಗ್ರಾಂ ಆಚೀಚೆ ಆದರೆ ಶೇ 5ಕ್ಕೂ ಹೆಚ್ಚು ತಪ್ಪು. ತಂತಿ ಬೆಳ್ಳಗೆ ಹೊಳೆಯುತ್ತಿದ್ದರೆ ಅದಕ್ಕೆ ತವರ ಲೇಪಿಸಿದ್ದಾರೆ ಎಂದರ್ಥ, ಬೇರೆ ತಂತಿ ಹುಡುಕಿ. ಹಲವು ಎಳೆ ಹೊಸೆದ ತಂತಿಯಾದರೆ ಎಳೆಗಳು ಸುತ್ತಿಕೊಂಡಿರುವುದರಿಂದ ತೂಕ ತುಸು ಬೇರೆ ಬರಬಹುದು. ಆಗ ನಿಮ್ಮ ತಕ್ಕಡಿ ತೋರಿಸಿದ್ದನ್ನೇ ಹಿಡಿಯಿರಿ, ಇಲ್ಲಿನ 8.96 ನಮ್ಮ ಉದಾಹರಣೆಗಷ್ಟೇ.

ಈ ಸಂಖ್ಯೆಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ:

ಪ್ರೋಟಾನ್: 1.007276 ಯು, ಅಂದರೆ 1.67262 × 10⁻²⁴ ಗ್ರಾಂ
ನ್ಯೂಟ್ರಾನ್: 1.008665 ಯು, ಅಂದರೆ 1.67493 × 10⁻²⁴ ಗ್ರಾಂ
ಎಲೆಕ್ಟ್ರಾನ್: 0.00054858 ಯು, ಅಂದರೆ 9.10938 × 10⁻²⁸ ಗ್ರಾಂ
ಹೈಡ್ರೋಜನ್-1 ಪರಮಾಣು: 1.007825 ಯು
ತಾಮ್ರ-63 ಪರಮಾಣು: 62.929598 ಯು, ನಿಸರ್ಗದಲ್ಲಿ ಶೇ 69.15
ತಾಮ್ರ-65 ಪರಮಾಣು: 64.927790 ಯು, ನಿಸರ್ಗದಲ್ಲಿ ಶೇ 30.85
1 ಯು = 1.66054 × 10⁻²⁴ ಗ್ರಾಂ
ಅವೊಗಾಡ್ರೊ ಸಂಖ್ಯೆ: 6.02214 × 10²³

ಯು ಎಂದರೆ ಪರಮಾಣು ರಾಶಿ ಏಕಮಾನ. ಒಂದು ಕಾರ್ಬನ್-12 ಪರಮಾಣುವಿನ ರಾಶಿಯ ಹನ್ನೆರಡನೇ ಒಂದು ಭಾಗ. ಈ ಅಳತೆ 1961ರಿಂದ ಬಳಕೆಯಲ್ಲಿದೆ. ಅದಕ್ಕೂ ಮುಂಚೆ ಭೌತವಿಜ್ಞಾನಿಗಳು ಆಕ್ಸಿಜನ್-16ನ್ನು 16 ಎಂದು ಹಿಡಿಯುತ್ತಿದ್ದರು, ರಸಾಯನ ವಿಜ್ಞಾನಿಗಳು ಗಾಳಿಯಲ್ಲಿ ಸಿಗುವ ಮಿಶ್ರ ಆಕ್ಸಿಜನ್ನನ್ನು 16 ಎಂದು ಹಿಡಿಯುತ್ತಿದ್ದರು. ಹೆಸರು ಒಂದೇ ಆದರೂ ಅಳತೆ ಎರಡು. ಹಳೆಯ ಪುಸ್ತಕದಿಂದ ಸಂಖ್ಯೆ ಎತ್ತಿಕೊಂಡರೆ ನಾಲ್ಕನೇ ಅಂಕಿಯಲ್ಲೇ ಲೆಕ್ಕ ಹೊಂದದೆ ಹೋಗುವುದುಂಟು, ಕಾರಣ ಇದೇ.

ಮೂರು ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಇಡಿ

ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಜಾಗದಿಂದ ಹುಟ್ಟುತ್ತವೆ. ತಾಮ್ರಕ್ಕೆ ಸಂಬಂಧಪಟ್ಟ ಮೂರು ಸಂಖ್ಯೆಗಳಿವೆ: 63, 62.929598, 63.546. ಮೂರೂ ಹತ್ತಿರ ಹತ್ತಿರ ಇರುವುದರಿಂದ ಒಂದರ ಬದಲು ಇನ್ನೊಂದು ಬಳಸಿದರೂ ಉತ್ತರ ಸರಿಯಿರುವಂತೆ ಕಾಣುತ್ತದೆ.

63 ಎನ್ನುವುದು ರಾಶಿ ಸಂಖ್ಯೆ. ಹೆಸರಿನಲ್ಲಿ ರಾಶಿ ಇದ್ದರೂ ಇದು ರಾಶಿಯ ಅಳತೆಯಲ್ಲ, ಬರೀ ಎಣಿಕೆ: ಪರಮಾಣುವಿನ ನಡುವಿನ ತಿರುಳಾದ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್ ಮತ್ತು ನ್ಯೂಟ್ರಾನುಗಳ ಒಟ್ಟು ತಲೆಲೆಕ್ಕ. ಯಾವಾಗಲೂ ಪೂರ್ಣಾಂಕ, ಏಕಮಾನವಿಲ್ಲ. 62.929598 ಯು ಎನ್ನುವುದು ಆ 63 ಕಣಗಳ ನ್ಯೂಕ್ಲಿಯಸ್ಸಿರುವ ಒಂದು ತಾಮ್ರದ ಪರಮಾಣುವಿನ ನಿಜವಾದ, ಅಳೆದು ಕಂಡುಕೊಂಡ ರಾಶಿ. 63.546 ಎನ್ನುವುದು ಗೋಡೆಯ ಮೇಲಿನ ಆವರ್ತ ಕೋಷ್ಟಕದಲ್ಲಿ ತಾಮ್ರದ ಮನೆಯಲ್ಲಿ ಬರೆದಿರುವ ಸಂಖ್ಯೆ. ಅದು ನಿಸರ್ಗದಲ್ಲಿ ಬೆರೆತು ಸಿಗುವ ಎರಡು ಬಗೆಯ ತಾಮ್ರಗಳ ಸರಾಸರಿ. ಹಳೆಯ ಕನ್ನಡ ಪುಸ್ತಕಗಳು ಇದನ್ನು ಪರಮಾಣು ತೂಕ ಎನ್ನುತ್ತವೆ, ಹೊಸವು ಪರಮಾಣು ರಾಶಿ ಎನ್ನುತ್ತವೆ, ಅರ್ಥ ಒಂದೇ.

ಎಣಿಸಬೇಕಾದಾಗ 63. ಒಂದೇ ಪರಮಾಣುವಿನ ಶಕ್ತಿ, ರಾಶಿ ಬೇಕಾದಾಗ 62.929598. ತಕ್ಕಡಿಯ ಮೇಲಿರುವ ತಾಮ್ರದ ವಿಷಯವಾದರೆ 63.546. ಈ ಮೂರು ಮಾತು ಮನಸ್ಸಿನಲ್ಲಿ ಗಟ್ಟಿಯಾದರೆ ಅರ್ಧ ಕೆಲಸ ಮುಗಿಯಿತು.

ಒಂದು ಪರಮಾಣುವಿನೊಳಗೆ ಎಣಿಸುವುದು

ಮೊದಲು ಪ್ರೋಟಾನ್. ಕೋಷ್ಟಕದಲ್ಲಿ ತಾಮ್ರದ ಪರಮಾಣು ಸಂಖ್ಯೆ 29. ಪ್ರೋಟಾನ್ 29 ಇದ್ದರೆ ಅದು ತಾಮ್ರ. 28 ಆದರೆ ನಿಕ್ಕೆಲ್, 30 ಆದರೆ ಸತು. ಧಾತುವಿನ ಗುರುತು ನಿಂತಿರುವುದು ಇದೊಂದರ ಮೇಲೆ, ರಾಶಿಯ ಮೇಲಲ್ಲ. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಮೋಸ್ಲಿ ಕ್ಷ-ಕಿರಣಗಳಿಂದ ಇದನ್ನು ತೋರಿಸಿಕೊಟ್ಟ ಮೇಲೆ ಕೋಷ್ಟಕದ ಕೆಲವು ಹಳೆಯ ಗೊಂದಲಗಳು ಬಗೆಹರಿದವು. ರಾಶಿಯ ಕ್ರಮದಲ್ಲಿ ಜೋಡಿಸಿದರೆ ಪೊಟ್ಯಾಸಿಯಂ (39.098) ಆರ್ಗಾನ್‌ಗಿಂತ (39.95) ಮುಂಚೆ ಬರಬೇಕಿತ್ತು, ಪ್ರೋಟಾನ್ ಎಣಿಸಿದರೆ ಆರ್ಗಾನ್ 18, ಪೊಟ್ಯಾಸಿಯಂ 19.

ಒಂದು ಪ್ರೋಟಾನ್ ಕಡಿಮೆ ಇದ್ದರೂ ಆರ್ಗಾನಿನ ಸರಾಸರಿ ರಾಶಿ ಹೆಚ್ಚಾದದ್ದು ಹೇಗೆ? ನಮ್ಮ ಗಾಳಿಯಲ್ಲಿರುವ ಆರ್ಗಾನ್‌ನಲ್ಲಿ ಶೇ 99.6 ಆರ್ಗಾನ್-40. ಅದು ಬಂದಿರುವುದು ಕಲ್ಲು ಬಂಡೆಗಳಲ್ಲಿರುವ ಪೊಟ್ಯಾಸಿಯಂ-40 ಕ್ಷಯಿಸಿ. ಪೊಟ್ಯಾಸಿಯಂ-40ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 125 ಕೋಟಿ ವರ್ಷ, ಭೂಮಿ ಹುಟ್ಟಿದಾಗಿನಿಂದ ಅದು ಸ್ವಲ್ಪ ಸ್ವಲ್ಪವೇ ಆರ್ಗಾನ್ ಆಗುತ್ತಾ ಬಂದಿದೆ. ಸೂರ್ಯನಲ್ಲಿರುವ ಆರ್ಗಾನ್ ಬಹುಪಾಲು ಆರ್ಗಾನ್-36. ಕೋಷ್ಟಕದ ಮನೆಯಲ್ಲಿ ಕಾಣುವ ದಶಮಾಂಶ ಭೂಮಿಯ ಮೇಲಿನ ಮಿಶ್ರಣವನ್ನು ಹೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಎಲೆಕ್ಟ್ರಾನ್ ಎಣಿಕೆ ಸುಲಭ. ವಿದ್ಯುದಂಶವಿಲ್ಲದ ಪರಮಾಣುವಿನಲ್ಲಿ ಪ್ರೋಟಾನ್ ಎಷ್ಟೋ ಎಲೆಕ್ಟ್ರಾನ್ ಅಷ್ಟೇ, 29.

ನ್ಯೂಟ್ರಾನ್ ಎಣಿಸುವಾಗ ಎಚ್ಚರ. ರಾಶಿ ಸಂಖ್ಯೆಯಿಂದ ಪರಮಾಣು ಸಂಖ್ಯೆ ಕಳೆಯಬೇಕು: ತಾಮ್ರ-63ಕ್ಕೆ 63 − 29 = 34, ತಾಮ್ರ-65ಕ್ಕೆ 65 − 29 = 36. ಆದರೆ ಅನೇಕ ಕಡೆ ಹೇಳಿಕೊಡುವ ಅಡ್ಡದಾರಿ ಬೇರೆ: ಕೋಷ್ಟಕದ ಸರಾಸರಿಯನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು ಪರಮಾಣು ಸಂಖ್ಯೆ ಕಳೆಯಿರಿ ಎನ್ನುತ್ತಾರೆ. ತಾಮ್ರಕ್ಕೆ ಹಾಗೆ ಮಾಡಿದರೆ 63.546 ಎಂಬುದು 64 ಆಗುತ್ತದೆ, ನ್ಯೂಟ್ರಾನ್ 35 ಬರುತ್ತದೆ. ತಾಮ್ರ-64 ವಿಕಿರಣಶೀಲ, 12.7 ಗಂಟೆಗೆ ಅರ್ಧದಷ್ಟು ಕ್ಷಯಿಸಿಬಿಡುತ್ತದೆ. ಪೆಟ್ ಸ್ಕ್ಯಾನಿಗಾಗಿ ಅದನ್ನು ತಯಾರಿಸುತ್ತಾರೆಯೇ ಹೊರತು ನಿಮ್ಮ ವೈರಿನಲ್ಲಿ ಅದು ಇಲ್ಲ. ಬ್ರೋಮಿನ್‌ನ ಕತೆಯೂ ಇದೇ. ಸರಾಸರಿ 79.904, ಪೂರ್ಣಾಂಕಕ್ಕೆ ತಂದರೆ 80. ನಿಸರ್ಗದಲ್ಲಿರುವುದು 79 ಮತ್ತು 81, ಹೆಚ್ಚುಕಮ್ಮಿ ಅರ್ಧರ್ಧ. 80 ಇಲ್ಲವೇ ಇಲ್ಲ. ಸೋಡಿಯಂ (22.990), ಅಲ್ಯೂಮಿನಿಯಂ (26.982), ಚಿನ್ನ (196.967) ಇವುಗಳಲ್ಲಿ ಅಡ್ಡದಾರಿ ಸರಿಯಾದ ಉತ್ತರ ಕೊಡುತ್ತದೆ, ಏಕೆಂದರೆ ಇವಕ್ಕೆ ನಿಸರ್ಗದಲ್ಲಿ ಒಂದೊಂದೇ ಸಮಸ್ಥಾನಿ (ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಎಣಿಕೆ ಬೇರೆಯಾದ ಬಗೆ). ಮಕ್ಕಳಿಗೆ ಹೇಳಿಕೊಡುವವರು ಈ ಮೂರರಿಂದ ಶುರುಮಾಡಿದರೂ ತಾಮ್ರ, ಬ್ರೋಮಿನ್ ತೋರಿಸದೆ ಪಾಠ ಮುಗಿಸಬಾರದು.

ಇತರ ಉಪಪರಮಾಣು ಕಣಗಳ ಬಗ್ಗೆ ಒಂದು ಮಾತು. ಮ್ಯುಯಾನ್, ನ್ಯೂಟ್ರಿನೊ ಮುಂತಾದವು ಈ ಲೆಕ್ಕದಲ್ಲಿ ಬರುವುದಿಲ್ಲ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದರು. ಅವು ಪರಮಾಣುವಿನ ಮೂಲಕ ಹಾದು ಹೋಗುವವು, ಪರಮಾಣುವಿನ ಭಾಗವಾಗಿ ಕೂತಿರುವವಲ್ಲ.

ಸರಾಸರಿ ರಾಶಿ ಕಟ್ಟುವುದು, ಬಿಚ್ಚುವುದು

ಎರಡು ಸಮಸ್ಥಾನಿಗಳ ರಾಶಿಯನ್ನೂ ಪಾಲನ್ನೂ ಗುಣಿಸಿ ಕೂಡಿಸಿ:

62.929598 × 0.6915 = 43.5158
64.927790 × 0.3085 = 20.0302
ಒಟ್ಟು 63.546

ಶೇಕಡಾವಾರನ್ನು 100ರಿಂದ ಭಾಗಿಸುವುದು ಮರೆತರೆ 6354.6 ಬರುತ್ತದೆ, ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಬೀಳದ ತಪ್ಪು ಪಾಲುಗಳನ್ನು ಅದಲುಬದಲು ಮಾಡುವುದು: ಆಗ 64.31 ಬರುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ. ಸರಾಸರಿ ಯಾವಾಗಲೂ ಹೆಚ್ಚು ಪಾಲಿರುವ ಸಮಸ್ಥಾನಿಯ ಕಡೆಗೆ ವಾಲಿರಬೇಕು ಎಂದು ಒಮ್ಮೆ ನೋಡಿಕೊಳ್ಳಿ.

ಉಲ್ಟಾ ಲೆಕ್ಕ ಇನ್ನೂ ಉಪಯುಕ್ತ. ಸರಾಸರಿ ಗೊತ್ತು, ಎರಡು ರಾಶಿ ಗೊತ್ತು, ಪಾಲು ಬೇಕು. ಹಗುರ ಸಮಸ್ಥಾನಿಯ ಪಾಲು ಕಂಡುಹಿಡಿಯಲು, ಭಾರದ್ದರಿಂದ ಸರಾಸರಿ ಕಳೆದು, ಭಾರ ಮತ್ತು ಹಗುರದ ವ್ಯತ್ಯಾಸದಿಂದ ಭಾಗಿಸಿ:

(64.9278 − 63.546) ÷ (64.9278 − 62.9296) = 1.3818 ÷ 1.9982 = 0.6915

ಇಲ್ಲಿ ರಾಶಿಯ ಜಾಗದಲ್ಲಿ ರಾಶಿ ಸಂಖ್ಯೆ ಹಾಕಿದರೆ ಏನಾಗುತ್ತದೆ ನೋಡಿ: (65 − 63.546) ÷ 2 = 0.727. ಶೇ 69ರ ಬದಲು ಶೇ 73. ಒಂದೊಂದು ಸಂಖ್ಯೆಯಲ್ಲಿ ಶೇ 0.1ರಷ್ಟು ಮಾತ್ರ ತಪ್ಪಿದ್ದರೂ ಕಳೆಯುವಾಗ ಆ ತಪ್ಪು ಉಳಿದುಕೊಂಡು ಸಂಖ್ಯೆ ಚಿಕ್ಕದಾಗುತ್ತದೆ, ಅದಕ್ಕೇ ಉತ್ತರ ಇಷ್ಟು ದೂರ ಜಾರುತ್ತದೆ. ಮುಂದೆ ರಾಶಿ ಕೊರತೆಯ ಲೆಕ್ಕದಲ್ಲೂ ಇದೇ ಅಪಾಯ ಕಾದಿದೆ.

ಈ ರಾಶಿಗಳೂ ಪಾಲುಗಳೂ ಬರುವುದು ಮಾಸ್ ಸ್ಪೆಕ್ಟ್ರೋಮೀಟರಿನಿಂದ. ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು ಅಯಾನು ಮಾಡಿ, ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ, ಕಾಂತಕ್ಷೇತ್ರದಲ್ಲಿ ಬಾಗಿಸುತ್ತಾರೆ. ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. 1919ರಲ್ಲಿ ಕೇಂಬ್ರಿಜ್‌ನಲ್ಲಿ ಆಸ್ಟನ್ ಇಂಥ ಯಂತ್ರ ಕಟ್ಟಿ, ನಿಯಾನ್, ಕ್ಲೋರಿನ್ ಮುಂತಾದವು ಮಿಶ್ರಣಗಳೆಂದು ತೋರಿಸಿದರು, 1922ರಲ್ಲಿ ಅದಕ್ಕೆ ನೊಬೆಲ್ ಬಂತು. ಕ್ಲೋರಿನ್ ಅನಿಲದ ಗ್ರಾಫ್ ಓದಲು ಕಲಿಯುವವರಿಗೆ ಒಂದು ಕಿವಿಮಾತು: 35 ಮತ್ತು 37ರ ಜೊತೆಗೆ 70, 72, 74ರಲ್ಲೂ ಗೆರೆಗಳಿರುತ್ತವೆ, ಅವುಗಳ ಎತ್ತರ ಸುಮಾರು 9:6:1. ಅವು ಹೊಸ ಸಮಸ್ಥಾನಿಗಳಲ್ಲ, ಎರಡು ಪರಮಾಣುಗಳ ಅಣು ಒಡೆಯದೆ ಬಂದದ್ದು. ಒಂದು ಪರಮಾಣು 35 ಆಗುವ ಸಾಧ್ಯತೆ ಸುಮಾರು ಮುಕ್ಕಾಲು, 37 ಆಗುವುದು ಕಾಲು. ಎರಡೆರಡಾಗಿ ಜೋಡಿಸಿದರೆ 9:6:1 ತಾನಾಗಿಯೇ ಬರುತ್ತದೆ.

ಕೋಷ್ಟಕದ ಸರಾಸರಿಗಳು ಎಲ್ಲ ಧಾತುಗಳಿಗೂ ಒಂದೇ ಸಮ ಗಟ್ಟಿಯಲ್ಲ. ತಾಮ್ರದ್ದು ಅದಿರಿನಿಂದ ಅದಿರಿಗೆ ಮೂರನೇ ದಶಮಾಂಶದಲ್ಲಿ ಅಲುಗುತ್ತದೆ. ಸೀಸದ್ದು ಮೊದಲ ದಶಮಾಂಶದಲ್ಲೇ ಅಲುಗುತ್ತದೆ, ಏಕೆಂದರೆ ಸೀಸದ ಒಂದು ಪಾಲು ಯುರೇನಿಯಂ, ಥೋರಿಯಂ ಕ್ಷಯಿಸಿ ಬಂದದ್ದು, ಗಣಿಯಿಂದ ಗಣಿಗೆ ಅದು ಬೇರೆ. ಲಿಥಿಯಂ ಬಾಟಲಿಯ ಮೇಲಿನ ಚೀಟಿಯನ್ನು ಓದಿ ಬಳಸುವುದು ಒಳ್ಳೆಯದು. ಲಿಥಿಯಂ-6ನ್ನು ಮೊದಲೇ ಬೇರ್ಪಡಿಸಿ ತೆಗೆದ ಸರಕು ಮಾರುಕಟ್ಟೆಗೆ ಬಂದಿರುವುದುಂಟು.

ತಂತಿಯನ್ನು ಎಣಿಸುವುದು

ಈಗ 8.96 ಗ್ರಾಂಗೆ ಬರೋಣ. ತಕ್ಕಡಿಯ ಮೇಲಿನ ತಾಮ್ರವಾದ್ದರಿಂದ ಸರಾಸರಿಯನ್ನೇ ಬಳಸಬೇಕು. 63.546 ಗ್ರಾಂ ತಾಮ್ರ ಎಂದರೆ ಒಂದು ಮೋಲ್, ಅದರಲ್ಲಿ ಅವೊಗಾಡ್ರೊ ಸಂಖ್ಯೆಯಷ್ಟು ಪರಮಾಣುಗಳಿರುತ್ತವೆ.

8.96 ÷ 63.546 = 0.1410 ಮೋಲ್
0.1410 × 6.02214 × 10²³ = 8.491 × 10²² ಪರಮಾಣು

ಮೋಲ್ ಬೇಡವೆನಿಸಿದರೆ ನೇರ ದಾರಿಯೂ ಇದೆ. ಒಂದು ಸರಾಸರಿ ತಾಮ್ರದ ಪರಮಾಣು 63.546 × 1.66054 × 10⁻²⁴ = 1.0552 × 10⁻²² ಗ್ರಾಂ. 8.96ನ್ನು ಅದರಿಂದ ಭಾಗಿಸಿದರೂ 8.491 × 10²² ಬರುತ್ತದೆ. ಎರಡೂ ದಾರಿಯಲ್ಲಿ ಒಮ್ಮೊಮ್ಮೆ ಮಾಡಿ ನೋಡಿ. ಹೊಂದದಿದ್ದರೆ ಕ್ಯಾಲ್ಕುಲೇಟರಿನಲ್ಲಿ ಘಾತದ ಗುರುತು ಕೈಬಿಟ್ಟಿರುತ್ತದೆ. ಘಾತಕ್ಕೆ ಮೀಸಲಾದ ಗುಂಡಿಯನ್ನೇ ಒತ್ತಿ. ‘ಗುಣಿಸು 10 ಘಾತ’ ಎಂದು ಒಂದೊಂದಾಗಿ ಒತ್ತಿದರೆ ಭಾಗಾಕಾರದಲ್ಲಿ ಯಂತ್ರ 10ರ ಘಾತವನ್ನು ಛೇದಕ್ಕೆ ಬದಲು ಅಂಶಕ್ಕೆ ಸೇರಿಸಿಬಿಡುತ್ತದೆ.

ಪ್ರೋಟಾನ್: 8.491 × 10²² × 29 = 2.462 × 10²⁴. ಎಲೆಕ್ಟ್ರಾನ್ ಕೂಡ ಅಷ್ಟೇ. ನ್ಯೂಟ್ರಾನ್‌ಗೆ ಮೊದಲು ಪರಮಾಣುವೊಂದಕ್ಕೆ ಸರಾಸರಿ ಎಷ್ಟೆಂದು ಕಂಡುಹಿಡಿಯಬೇಕು: 34 × 0.6915 + 36 × 0.3085 = 34.617. ಯಾವ ಪರಮಾಣುವಿನಲ್ಲೂ 34.617 ನ್ಯೂಟ್ರಾನ್ ಇರುವುದಿಲ್ಲ, ಗುಂಪಿನ ಲೆಕ್ಕಕ್ಕೆ ಮಾತ್ರ ಈ ಸಂಖ್ಯೆ. ಒಟ್ಟು ನ್ಯೂಟ್ರಾನ್ 2.939 × 10²⁴.

ಒಂದೊಂದು ಗುಂಪಿನ ರಾಶಿ, ಅವು ಬಿಡಿಬಿಡಿಯಾಗಿ ಇದ್ದಿದ್ದರೆ:

ಪ್ರೋಟಾನ್‌ಗಳು 4.119 ಗ್ರಾಂ
ನ್ಯೂಟ್ರಾನ್‌ಗಳು 4.923 ಗ್ರಾಂ
ಎಲೆಕ್ಟ್ರಾನ್‌ಗಳು 0.0022 ಗ್ರಾಂ

ಎಲೆಕ್ಟ್ರಾನ್‌ಗಳ ಸಾಲನ್ನು ನಿಧಾನವಾಗಿ ನೋಡಿ. ಮನೆಯ ದೀಪ ಉರಿಸುವುದು, ಫ್ಯಾನ್ ತಿರುಗಿಸುವುದು, ತಾಮ್ರಕ್ಕೆ ಕೆಂಪು ಹೊಳಪು ಕೊಡುವುದು, ತಂತಿಯನ್ನು ಬಾಗಿಸಿದಾಗ ಮುರಿಯದಂತೆ ಹಿಡಿದಿಡುವುದು, ಎಲ್ಲವೂ ಎಲೆಕ್ಟ್ರಾನ್‌ಗಳ ಕೆಲಸ. ಒಂದು ಮೀಟರ್ ತಂತಿಯಲ್ಲಿರುವ ಅಷ್ಟೂ ಎಲೆಕ್ಟ್ರಾನ್‌ಗಳ ರಾಶಿ 2.2 ಮಿಲಿಗ್ರಾಂ. ನಿಮ್ಮ 0.01 ಗ್ರಾಂ ತಕ್ಕಡಿಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಪ್ರೋಟಾನ್ 1836 ಎಲೆಕ್ಟ್ರಾನ್‌ಗಳಷ್ಟು ಭಾರ ಎಂದು ಪುಸ್ತಕದಲ್ಲಿ ಓದುವುದಕ್ಕೂ, ಕೈಯಲ್ಲಿ ಹಿಡಿದ ತಂತಿಯಲ್ಲಿ ಅದನ್ನು ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ.

ಹೆಚ್ಚಾದ 84 ಮಿಲಿಗ್ರಾಂ

ಮೂರನ್ನೂ ಕೂಡಿಸಿದರೆ 9.044 ಗ್ರಾಂ. ತಕ್ಕಡಿ ಹೇಳಿದ್ದು 8.96. ವ್ಯತ್ಯಾಸ 0.084 ಗ್ರಾಂ, ಹೆಚ್ಚುಕಮ್ಮಿ ಶೇ 0.94. ಇದು ದುಂಡಾಗಿಸಿದ್ದರಿಂದ ಬಂದದ್ದಲ್ಲ, ತಕ್ಕಡಿಯ ದೋಷವೂ ಅಲ್ಲ. ಎಷ್ಟೇ ನಿಖರವಾಗಿ ಮಾಡಿದರೂ ಇದು ಉಳಿಯುತ್ತದೆ.

ಪ್ರೋಟಾನ್, ನ್ಯೂಟ್ರಾನ್‌ಗಳು ನ್ಯೂಕ್ಲಿಯಸ್ಸಿನಲ್ಲಿ ಒಟ್ಟುಗೂಡುವಾಗ ಶಕ್ತಿ ಹೊರಗೆ ಹೋಗುತ್ತದೆ. ಹೋದ ಶಕ್ತಿಯ ಜೊತೆ ಅದಕ್ಕೆ ಸಮನಾದ ರಾಶಿಯೂ ಹೋಗುತ್ತದೆ. ಶಕ್ತಿ ಎಂದರೆ ರಾಶಿ ಗುಣಿಸು ಬೆಳಕಿನ ವೇಗದ ವರ್ಗ ಎಂಬ ಐನ್‌ಸ್ಟೈನ್ ಸೂತ್ರ ಇಲ್ಲಿ ತಕ್ಕಡಿಯ ಮಟ್ಟಕ್ಕೆ ಇಳಿದು ಬರುತ್ತದೆ. ಇದನ್ನೇ ರಾಶಿ ಕೊರತೆ ಎನ್ನುತ್ತಾರೆ. ನಿಮ್ಮ ತಂತಿಯನ್ನು ಬಿಡಿ ಕಣಗಳಾಗಿ ಪೂರ್ತಿ ಬಿಚ್ಚಬೇಕಾದರೆ 0.084 ಗ್ರಾಂಗೆ ಸಮನಾದ ಶಕ್ತಿಯನ್ನು ಹೊರಗಿನಿಂದ ಕೊಡಬೇಕು: ಸುಮಾರು 7.5 × 10¹² ಜೂಲ್. ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಸುಮಾರು 21 ಲಕ್ಷ ಯೂನಿಟ್. ಇದು ತಂತಿಯಲ್ಲಿ ಅಡಗಿ ಕೂತಿರುವ, ತೆಗೆದು ಬಳಸಬಹುದಾದ ಶಕ್ತಿ ಎಂದು ತಪ್ಪು ತಿಳಿಯಬೇಡಿ. ಇದು ಸಾಲ, ಜಮೆಯಲ್ಲ. ತಾಮ್ರ ಕಬ್ಬಿಣ-ನಿಕ್ಕೆಲ್‌ಗಳ ನೆರೆಯಲ್ಲಿದೆ, ಅತಿ ಗಟ್ಟಿಯಾಗಿ ಕಟ್ಟಿಕೊಂಡ ನ್ಯೂಕ್ಲಿಯಸ್ಸುಗಳ ಸಾಲಿನಲ್ಲಿ. ಅದನ್ನು ಒಡೆದರೂ ಕೂಡಿಸಿದರೂ ಲಾಭವಿಲ್ಲ. ಯುರೇನಿಯಂ ಅಷ್ಟು ಬಿಗಿಯಾಗಿಲ್ಲ, ಆದ್ದರಿಂದ ಒಡೆದಾಗ ಶಕ್ತಿ ಕೊಡುತ್ತದೆ. ಕೈಗಾದ ನಾಲ್ಕು ಘಟಕಗಳು ನಡೆಯುವುದು ಈ ವ್ಯತ್ಯಾಸದಿಂದಲೇ. ಅಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಭಾರಜಲ ಬಳಸುತ್ತಾರೆ. ಅದು ಹೈಡ್ರೋಜನ್‌ಗೆ ಒಂದೊಂದು ನ್ಯೂಟ್ರಾನ್ ಸೇರಿದ ನೀರು, ಮೋಲ್‌ಗೆ 18 ಗ್ರಾಂ ಬದಲು 20 ಗ್ರಾಂ.

ಒಂದು ಪರಮಾಣುವಿಗೆ ಈ ಲೆಕ್ಕ ಮಾಡುವ ಕ್ರಮ ಹೀಗೆ. ಈಗ ಸರಾಸರಿ ಬೇಡ, ಸಮಸ್ಥಾನಿಯ ರಾಶಿ ಬೇಕು. ತಾಮ್ರ-63:

29 × 1.007825 = 29.226925
34 × 1.008665 = 34.294610
ಒಟ್ಟು 63.521535
ಅಳೆದ ರಾಶಿ 62.929598
ಕೊರತೆ 0.591937 ಯು

1 ಯು ಎಂದರೆ 931.494 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಏಕಮಾನ). ಗುಣಿಸಿದರೆ 551.4 ಎಂಇವಿ ಬಂಧಕ ಶಕ್ತಿ, ಅಂದರೆ ನ್ಯೂಕ್ಲಿಯಸ್ಸನ್ನು ಬಿಡಿ ಕಣಗಳಾಗಿ ಬಿಚ್ಚಲು ಬೇಕಾದ ಶಕ್ತಿ. 63ರಿಂದ ಭಾಗಿಸಿದರೆ ಕಣವೊಂದಕ್ಕೆ 8.75 ಎಂಇವಿ.

ಮೊದಲ ಸಾಲಿನಲ್ಲಿ ಪ್ರೋಟಾನ್‌ನ 1.007276 ಬಿಟ್ಟು ಹೈಡ್ರೋಜನ್ ಪರಮಾಣುವಿನ 1.007825 ಬಳಸಿದ್ದನ್ನು ಗಮನಿಸಿ. ಪಟ್ಟಿಯಲ್ಲಿರುವ 62.929598 ಇಡೀ ಪರಮಾಣುವಿನದು, 29 ಎಲೆಕ್ಟ್ರಾನ್‌ಗಳೂ ಸೇರಿ. ಹೈಡ್ರೋಜನ್ ಪರಮಾಣು ಹಾಕಿದರೆ 29 ಎಲೆಕ್ಟ್ರಾನ್‌ಗಳು ಈ ಕಡೆಯೂ ಬಂದು ಸರಿಹೋಗುತ್ತದೆ. ಬರೀ ಪ್ರೋಟಾನ್ ಹಾಕಿದರೆ ಕೊರತೆ 0.576016 ಬಂದು, ಬಂಧಕ ಶಕ್ತಿ 14.8 ಎಂಇವಿ ಕಡಿಮೆಯಾಗುತ್ತದೆ. ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಉತ್ತರ ‘ಹತ್ತಿರ ಬಂತು, ಸರಿಯಾಗಿ ಬರಲಿಲ್ಲ’ ಎಂದಾಗ ಮೊದಲು ಹುಡುಕಬೇಕಾದ ತಪ್ಪು ಇದು.

ಎರಡನೆಯದು ಮುಂಚೆಯೇ ದುಂಡಾಗಿಸುವುದು. ಎರಡು ದಶಮಾಂಶಕ್ಕೆ ಇಳಿಸಿ 63 × 1.01 − 62.93 ಎಂದು ಮಾಡಿದರೆ 0.70 ಬರುತ್ತದೆ, ಶೇ 18ರಷ್ಟು ಹೆಚ್ಚು. ಕಳೆಯುವ ತನಕ ಆರೂ ದಶಮಾಂಶಗಳನ್ನು ಇಟ್ಟುಕೊಳ್ಳಿ, ದುಂಡಾಗಿಸುವುದು ಕೊನೆಗೆ.

ಇನ್ನೊಂದು ಪ್ರಶ್ನೆ ಯೋಚಿಸುವ ವಿದ್ಯಾರ್ಥಿಯಿಂದ ಬಂದೇ ಬರುತ್ತದೆ: ಪ್ರೋಟಾನೂ ನ್ಯೂಟ್ರಾನೂ ತಲಾ 1 ಯುಗಿಂತ ಭಾರ, 63 ಸೇರಿದಾಗ 63ಕ್ಕಿಂತ ಕಡಿಮೆ ಹೇಗೆ? ಅಳತೆಗೋಲನ್ನೇ ನೋಡಬೇಕು. ಕಾರ್ಬನ್-12ರ ಬಿಡಿ ಭಾಗಗಳನ್ನು ಕೂಡಿಸಿದರೆ 12.09894 ಯು. ಅದು 0.09894 ಕಳೆದುಕೊಂಡ ಮೇಲೆ ಉಳಿದದ್ದನ್ನು ನಾವು ಸರಿಯಾಗಿ 12 ಎಂದು ಕರೆದಿದ್ದೇವೆ. ಅಂದರೆ 1 ಯು ಎಂಬ ಅಳತೆಯೊಳಗೇ ಕಣವೊಂದಕ್ಕೆ 7.68 ಎಂಇವಿಯ ಕೊರತೆ ಸೇರಿಕೊಂಡಿದೆ. ಕಾರ್ಬನ್‌ಗಿಂತ ಬಿಗಿಯಾಗಿ ಕಟ್ಟಿಕೊಂಡದ್ದು ಪೂರ್ಣಾಂಕಕ್ಕಿಂತ ತುಸು ಕೆಳಗೆ ನಿಲ್ಲುತ್ತದೆ, ತಾಮ್ರ-63 ಹಾಗೆ. ಸಡಿಲವಾದದ್ದು ಮೇಲೆ ನಿಲ್ಲುತ್ತದೆ: ಹೈಡ್ರೋಜನ್ 1.007825, ಯುರೇನಿಯಂ-238ರ ರಾಶಿ 238.0508. ದಶಮಾಂಶದ ಬಾಲವನ್ನು ಕಸವೆಂದು ಕತ್ತರಿಸಿ ಹಾಕುವವರು ನ್ಯೂಕ್ಲಿಯಸ್ಸು ಎಷ್ಟು ಗಟ್ಟಿ ಎಂಬ ಸುದ್ದಿಯನ್ನೇ ಕತ್ತರಿಸಿ ಹಾಕುತ್ತಾರೆ.

ಎಲೆಕ್ಟ್ರಾನ್ ಹೋದಾಗ, ಬೇರೆ ಧಾತು ಸೇರಿದಾಗ

ತಾಮ್ರ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾದರೆ ಪ್ರೋಟಾನ್ 29, ಎಲೆಕ್ಟ್ರಾನ್ 27, ನ್ಯೂಟ್ರಾನ್ ಮೊದಲಿನಷ್ಟೇ. ರಾಶಿಯಲ್ಲಿ ಕಡಿಮೆಯಾಗುವುದು 0.0011 ಯು. ಸಂಯುಕ್ತಗಳ ಲೆಕ್ಕದಲ್ಲಿ ಇದನ್ನು ಬಿಟ್ಟುಬಿಡಬಹುದು. ಧನ ಅಯಾನೆಂದರೆ ಪ್ರೋಟಾನ್ ಸೇರಿತು ಎಂದು ಬರೆಯುವವರಿದ್ದಾರೆ; ಪ್ರೋಟಾನ್ ಸೇರಿದರೆ ಅದು ತಾಮ್ರವಾಗಿ ಉಳಿಯುವುದಿಲ್ಲ.

ಈ ಅಯಾನು ನಮ್ಮ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ವಸ್ತುವಿನಲ್ಲಿದೆ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಆ ಒಂದು ಕಿಲೋದಲ್ಲಿ ತಾಮ್ರ ಎಷ್ಟು? ನೀಲಿ ಹರಳಿನಲ್ಲಿ ಒಂದು ತಾಮ್ರ (63.546), ಒಂದು ಗಂಧಕ (32.06), ನಾಲ್ಕು ಆಕ್ಸಿಜನ್ (63.996), ಜೊತೆಗೆ ಐದು ನೀರಿನ ಅಣು (90.075). ಒಟ್ಟು 249.68. ತಾಮ್ರದ ಪಾಲು 63.546 ÷ 249.68, ಶೇ 25.45. ಕಿಲೋಗೆ ಸುಮಾರು 254 ಗ್ರಾಂ, ನಮ್ಮ ತಂತಿಯ ಲೆಕ್ಕದಲ್ಲಿ 28 ಮೀಟರಿಗೂ ತುಸು ಹೆಚ್ಚು. ಐದು ನೀರನ್ನು ಮರೆತರೆ ಒಟ್ಟು 159.60 ಆಗಿ ಶೇ 39.8 ಬರುತ್ತದೆ, ಇದ್ದದ್ದಕ್ಕಿಂತ ಒಂದೂವರೆ ಪಟ್ಟು.

ಆ ನೀರು ನಿಜವಾಗಿಯೂ ಇದೆಯೇ ಎಂದು ಶಾಲೆಯ ಪ್ರಯೋಗಾಲಯದಲ್ಲಿ ತಕ್ಕಡಿಯಿಂದಲೇ ನೋಡಬಹುದು. ಪಿಂಗಾಣಿ ಮೂಸೆಯಲ್ಲಿ ಸರಿಯಾಗಿ 5.00 ಗ್ರಾಂ ನೀಲಿ ಹರಳನ್ನು ಪುಡಿಮಾಡಿ ಹಾಕಿ, ಸಣ್ಣ ಉರಿಯಲ್ಲಿ ಕಲಕುತ್ತಾ ಕಾಯಿಸಿ. ಮೈಲುತುತ್ತ ವಿಷ, ಅಡುಗೆಯ ಪಾತ್ರೆ, ಚಮಚ ಹತ್ತಿರವೂ ತರಬೇಡಿ, ಗಾಳಿಯಾಡುವ ಕಡೆ ಮಾಡಿ. ನೀಲಿ ಮಾಸಿ ಬೆಳ್ಳಗಾಗುತ್ತದೆ. ತಣಿಸಿ, ಮುಚ್ಚಿಟ್ಟು, ಕೂಡಲೇ ತೂಗಿ. ಬಿಳಿ ಪುಡಿ ಗಾಳಿಯ ತೇವ ಎಳೆದುಕೊಂಡು ಮತ್ತೆ ನೀಲಿಯಾಗತೊಡಗುತ್ತದೆ. ಪೂರ್ತಿ ನೀರು ಹೋಗಿದ್ದರೆ 3.20 ಗ್ರಾಂ ಉಳಿಯಬೇಕು. 3.56ರ ಹತ್ತಿರ ನಿಂತುಬಿಟ್ಟರೆ ನಾಲ್ಕು ಅಣು ಹೋಗಿ ಒಂದು ಇನ್ನೂ ಅಂಟಿಕೊಂಡಿದೆ. ಅದು ಬಿಡಲು 200 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಇನ್ನಷ್ಟು ಕಾಯಿಸಿ. ಪುಡಿ ಕಪ್ಪಾಗಲು ಶುರುವಾದರೆ ಉರಿ ಅತಿಯಾಗಿ ತಾಮ್ರದ ಆಕ್ಸೈಡ್ ಆಗುತ್ತಿದೆ, ಆ ತೂಕ ಲೆಕ್ಕಕ್ಕೆ ಬರುವುದಿಲ್ಲ. ಹೊಸ 5 ಗ್ರಾಂ ತೂಗಿಕೊಂಡು ಮೊದಲಿನಿಂದ ಮಾಡಿ. ಎರಡು ಸಲ ಕಾಯಿಸಿ ತೂಗಿದಾಗ ಒಂದೇ ಸಂಖ್ಯೆ ಬಂದರೆ ನಿಲ್ಲಿಸಿ.